ದರಪಟ್ಟಿಯಲ್ಲಿ ಎಲ್ಲರೂ ಸಿಸ್ಟರ್: ಮುಲುಂಡಿನ ನರ್ಸ್ ಬ್ಯೂರೋ ಒಂದರ ಹನ್ನೊಂದು ವಾರದ ಸೇವೆ

ಜುಲೈ ಮೊದಲ ವಾರದಲ್ಲಿ ಅಪ್ಪಯ್ಯನನ್ನು ಆಸ್ಪತ್ರೆಯಿಂದ ಮುಂಬಯಿಯ ಮುಲುಂಡಿನ ಮನೆಗೆ ಕರೆತಂದಾಗ ಅವರ ಮೂಗಿನಲ್ಲಿ ಆಹಾರದ ನಳಿಕೆಯಿತ್ತು, ಮಂಚದ ಅಂಚಿಗೆ ಮೂತ್ರದ ಚೀಲ ತೂಗುತ್ತಿತ್ತು, ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ಕುಂದಾಪುರ ಕಡೆಯ ಕನ್ನಡದ ನಾಲ್ಕಾರು ಶಬ್ದಗಳಿಗೆ ಇಳಿದಿತ್ತು. ಪರೇಲಿನ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಜೀವಮಾನವಿಡೀ ಕೂತು ಮರಾಠಿ, ಹಿಂದಿ, ಗುಜರಾತಿಗಳನ್ನು ಲೀಲಾಜಾಲವಾಗಿ ಆಡಿದ ಮನುಷ್ಯನಿಗೆ ಪಾರ್ಶ್ವವಾಯು ಬಡಿದ ಮೇಲೆ ಆ ಭಾಷೆಗಳಲ್ಲಿ ಒಂದೂ ನಾಲಿಗೆಗೆ ಬರುತ್ತಿರಲಿಲ್ಲ. ಡಿಸ್ಚಾರ್ಜ್ ಕಾಗದದ ಕೊನೆಯ ಸಾಲಿನಲ್ಲಿ ವೈದ್ಯರು ‘ಮನೆಯಲ್ಲಿ ನರ್ಸಿಂಗ್ ಆರೈಕೆ’ ಎಂದು ಬರೆದಿದ್ದರು. ಆ ಮೂರು ಶಬ್ದಗಳ ಅರ್ಥ ತಿಳಿಯಲು ನಮಗೆ ಹನ್ನೊಂದು ವಾರ ಹಿಡಿಯಿತು. ಅಷ್ಟು ದಿನ ಸಿಬ್ಬಂದಿಯನ್ನು ಒದಗಿಸಿದ ಬ್ಯೂರೋದ ಸೇವೆಯ ಕುರಿತು ಈ ಬರಹ.

ಬ್ಯೂರೋದ ಹೆಸರನ್ನು ಬೇಕೆಂದೇ ಬರೆದಿಲ್ಲ. ಮುಲುಂಡಿನಿಂದ ಡೊಂಬಿವಿಲಿಯವರೆಗೆ ಸ್ಟೇಷನ್ನುಗಳ ಆಸುಪಾಸಿನಲ್ಲಿ ಒಂದು ಮೇಜು, ಎರಡು ಫೋನು, ಗೋಡೆಯ ಮೇಲೊಂದು ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಇಟ್ಟುಕೊಂಡ ಇಂಥ ಬ್ಯೂರೋಗಳು ಎಷ್ಟೋ ಇವೆ, ಮತ್ತು ನಾನು ವಿಚಾರಿಸಿದ ನಾಲ್ಕೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಅಚ್ಚಿನ ದರಪಟ್ಟಿ ವಾಟ್ಸಾಪಿನಲ್ಲಿ ಬಂದಿತ್ತು. ನಾವು ಆರಿಸಿಕೊಂಡ ಬ್ಯೂರೋದ ಪಟ್ಟಿಯಲ್ಲಿ ಹನ್ನೆರಡು ಗಂಟೆಯ ಪಾಳಿಗೆ ‘ಸಿಸ್ಟರ್, ಸಾಧಾರಣ’ 950 ರೂಪಾಯಿ, ‘ಸಿಸ್ಟರ್, ಟ್ರೇನ್ಡ್’ 1,400 ರೂಪಾಯಿ, ‘ಸಿಸ್ಟರ್, ಐಸಿಯು’ 2,100 ರೂಪಾಯಿ ಎಂದಿತ್ತು. ನೋಂದಣಿ ಶುಲ್ಕ ಬೇರೆ, ಹದಿನೈದು ದಿನದ ಮುಂಗಡ ಬೇರೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ‘ಸೂಪರ್‌ವೈಸರ್ ಭೇಟಿ ಉಚಿತ’ ಎಂಬ ಸಾಲು. ತರಕಾರಿಯವನು ಕೊನೆಯಲ್ಲಿ ಹಾಕುವ ಕೊತ್ತಂಬರಿ ಸೊಪ್ಪಿನಂತೆ ಅದು ಕಂಡದ್ದರಿಂದ ನಾನು ಅದನ್ನು ಗಮನಕ್ಕೇ ತೆಗೆದುಕೊಳ್ಳಲಿಲ್ಲ. ಹಗಲಿಗೆ ಟ್ರೇನ್ಡ್, ರಾತ್ರಿಗೆ ಸಾಧಾರಣ ಎಂದು ಹೇಳಿ ಹಣ ಕಳಿಸಿದೆ.

ಹಗಲಿನ ಪಾಳಿಗೆ ಬಂದವಳು ಅಕೋಲಾ ಕಡೆಯ ಇಪ್ಪತ್ತಮೂರರ ಹುಡುಗಿ. ಬಿಳಿಯ ಕೋಟಿನ ಮೇಲೆ ‘ಸಿಸ್ಟರ್’ ಎಂಬ ಪಟ್ಟಿ. ಎಂಟು ಗಂಟೆಗೆಂದರೆ ಏಳೂ ಐವತ್ತಕ್ಕೇ ಬಾಗಿಲಲ್ಲಿ ಇರುತ್ತಿದ್ದಳು. ಅಪ್ಪಯ್ಯನಿಗೆ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಎದ್ದು ಕೂರಿಸುವುದು ಎಲ್ಲವನ್ನೂ ಬೇಸರವಿಲ್ಲದೆ ಮಾಡುತ್ತಿದ್ದಳು. ಅವರಿಗೆ ಅರ್ಥವಾಗದಿದ್ದರೂ ಮರಾಠಿಯಲ್ಲಿ ‘ಬಾಬಾ, ಬಾಬಾ’ ಎಂದು ಮಾತಾಡಿಸುತ್ತಲೇ ಇದ್ದಳು. ಅವಳ ಶ್ರದ್ಧೆಯ ವಿಷಯದಲ್ಲಿ ನನಗೆ ಇಂದಿಗೂ ಒಂದು ತಕರಾರೂ ಇಲ್ಲ. ಆದರೆ ಮೂರನೆಯ ದಿನ, ಭಾನುವಾರವಾದ್ದರಿಂದ ನಾನು ಮನೆಯಲ್ಲೇ ಇದ್ದಾಗ, ಅವಳು ಅಪ್ಪಯ್ಯನನ್ನು ಅಂಗಾತ ಮಲಗಿಸಿಯೇ ನಳಿಕೆಗೆ ಸಿರಿಂಜಿನಿಂದ ಗಂಜಿಯ ನೀರನ್ನು ಒತ್ತಿ ಒತ್ತಿ ಹಾಕುತ್ತಿರುವುದನ್ನು ಕಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಕೆಮ್ಮು ಹತ್ತಿತು, ಬಾಯಿಯಿಂದ ಬಿಳಿಯ ನೀರು ಬಂತು, ಉಸಿರು ಗೊರಗೊರ ಎಂದಿತು. ಹುಡುಗಿ ಹೆದರಿ ಅಳುತ್ತ ನಿಂತಳು. ಕೆಳಗಿನ ಮಹಡಿಯ ವೈದ್ಯರು ಬಂದು ಎದೆ ಪರೀಕ್ಷಿಸಿ, ಎರಡು ದಿನ ಜ್ವರ ಬರುತ್ತದೆಯೋ ನೋಡಿ ಎಂದು ಹೇಳಿಹೋದರು. ಜ್ವರ ಬರಲಿಲ್ಲ, ನಮ್ಮ ಪುಣ್ಯ.

ಬ್ಯೂರೋಗೆ ಫೋನು ಮಾಡಿ, ಟ್ರೇನ್ಡ್ ಎಂದಿರಲ್ಲ, ಯಾವ ಟ್ರೇನಿಂಗು ಎಂದು ಕೇಳಿದಾಗ ಬಂದ ಉತ್ತರ ‘ಆರು ತಿಂಗಳು’ ಎಂಬುದಾಗಿತ್ತು. ಅವಳದು ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ತರಬೇತಿ, ಅಂದರೆ ನರ್ಸಿನ ಕೈಕೆಳಗೆ ಇದ್ದು ರೋಗಿಯ ದೈನಂದಿನ ಶುಚಿ, ಓಡಾಟ, ಊಟಗಳನ್ನು ನೋಡಿಕೊಳ್ಳುವ ಸಹಾಯಕಿಯ ತರಬೇತಿ. ಅದೊಂದು ಗೌರವದ ಕೆಲಸ, ಅದಿಲ್ಲದೆ ಯಾವ ವಾರ್ಡೂ ನಡೆಯದು. ಆದರೆ ನಮ್ಮ ಮನೆಯಲ್ಲಿ ಅವಳ ಮೇಲೆ ನರ್ಸ್ ಎಂಬುವರೇ ಇರಲಿಲ್ಲ. ಸಹಾಯಕಿಗೆ ಸಿಸ್ಟರ್ ಪಟ್ಟಿ ಅಂಟಿಸಿ ನಳಿಕೆಯ ರೋಗಿಯ ಬಳಿ ಒಂಟಿಯಾಗಿ ಬಿಟ್ಟದ್ದು ಬ್ಯೂರೋದ ತಪ್ಪು, ಏನನ್ನೂ ಕೇಳದೆ ಹಣ ಕಳಿಸಿದ್ದು ನನ್ನ ತಪ್ಪು. ಫೋನಿನ ಆಚೆಯವರು ಸ್ವಲ್ಪ ತಣ್ಣಗಾಗಿ, ‘ನಾಳೆ ನಮ್ಮ ಸೂಪರ್‌ವೈಸರ್ ಮೇಡಂ ಬರ್ತಾರೆ’ ಎಂದರು.

ಮರುದಿನ ಧೋ ಎಂದು ಸುರಿಯುವ ಮಳೆಯಲ್ಲಿ ಅರವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕೊಡೆಯನ್ನು ಹೊರಗೇ ಇಟ್ಟು, ಗಡಿಯಾರ ಬಿಚ್ಚಿ ಪರ್ಸಿಗೆ ಹಾಕಿ, ಮೊಣಕೈವರೆಗೆ ಕೈ ತೊಳೆದುಕೊಂಡ ಮೇಲೆಯೇ ರೋಗಿಯ ಹೆಸರು ಕೇಳಿದರು. ಅಮ್ಮ ಒಳಗಿನಿಂದ ನನ್ನನ್ನು ಕೂಗಿದ ಧಾಟಿ ಕೇಳಿ, ‘ನೀವು ಕುಂದಾಪುರದ ಕಡೆಯವರಾ ಮಾರಾಯ್ರೆ, ನಾನು ಕಾರ್ಕಳದವಳು’ ಎಂದರು. ಹುಡುಗಿಯನ್ನು ಅವರು ಬಯ್ಯಲಿಲ್ಲ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲು ತಾವೇ ಮಾಡಿ ತೋರಿಸಿದರು: ಬೆನ್ನಿಗೆ ಎರಡು ದಿಂಬು ಮತ್ತು ಮಡಿಸಿದ ಚಾದರ ಕೊಟ್ಟು ತಲೆ ಎದೆಯನ್ನು ಮೂವತ್ತರಿಂದ ನಲವತ್ತೈದು ಡಿಗ್ರಿಯಷ್ಟು ಏರಿಸಿದರು, ಮೂಗಿನ ಹೊಳ್ಳೆಯ ಬಳಿ ನಳಿಕೆಯ ಮೇಲಿನ ಅಳತೆಯ ಗುರುತು ಆಸ್ಪತ್ರೆಯಲ್ಲಿ ಬರೆದುಕೊಟ್ಟಷ್ಟೇ ಇದೆಯೇ ಎಂದು ನೋಡಿದರು, ಸಿರಿಂಜಿನಿಂದ ಮೆಲ್ಲಗೆ ಎಳೆದು ಹೊಟ್ಟೆಯ ದ್ರವ ಬರುವುದನ್ನು ಕಂಡುಕೊಂಡರು, ಮೂವತ್ತು ಮಿಲಿಲೀಟರ್ ನೀರು ಹಾಯಿಸಿದರು, ಆಮೇಲೆ ಸಿರಿಂಜಿನ ದಂಡವನ್ನು ತೆಗೆದಿಟ್ಟು ಬರೀ ಕೊಳವೆಯನ್ನು ಎತ್ತಿ ಹಿಡಿದು ಗಂಜಿಯನ್ನು ತಾನಾಗಿ ಇಳಿಯಲು ಬಿಟ್ಟರು. ಕೊಳವೆ ಪೂರ್ತಿ ಖಾಲಿಯಾಗುವ ಮೊದಲೇ ನಳಿಕೆಯನ್ನು ಬೆರಳಿನಲ್ಲಿ ಮಡಚಿ ಹಿಡಿಯುವುದು, ಹೊಟ್ಟೆಗೆ ಗಾಳಿ ಹೋಗದಿರಲೆಂದು. ಮತ್ತೆ ನೀರು. ಮುಗಿದ ಮೇಲೆ ಒಂದು ಗಂಟೆ ಹಾಗೆಯೇ ಒರಗಿಸಿ ಕೂರಿಸುವುದು.

ಮುಂದಿನ ಹೊತ್ತಿನ ಆಹಾರದ ಸಮಯದವರೆಗೂ ಕಾದು ಅದನ್ನೇ ಹುಡುಗಿಯ ಕೈಯಲ್ಲಿ ಮಾಡಿಸಿದರು, ಮತ್ತು ಪ್ರತಿ ಹೆಜ್ಜೆಗೂ ನಿಲ್ಲಿಸಿ ‘ಯಾಕೆ?’ ಎಂದು ಕೇಳಿದರು. ಹುಡುಗಿ ತಡವರಿಸಿದಾಗ ಉತ್ತರ ಹೇಳಿಕೊಡದೆ ಸುಮ್ಮನೆ ಕಾದರು. ಕೆಲಸ ಬಲ್ಲ ನರ್ಸುಗಳನ್ನು ಆಸ್ಪತ್ರೆಯ ಇಪ್ಪತ್ತು ದಿನಗಳಲ್ಲಿ ನಾನು ಬಹಳ ಮಂದಿ ಕಂಡಿದ್ದೆ. ಕೆಲಸವನ್ನು ಕಲಿಸಬಲ್ಲ ನರ್ಸು ಬೇರೆಯೇ ಎಂದು ಕಂಡದ್ದು ಅಂದು. ಹೊರಡುವ ಮುನ್ನ ಬ್ಯೂರೋಗೆ ಫೋನು ಹಚ್ಚಿ, ಆಹಾರದ ನಳಿಕೆ ಮತ್ತು ಕ್ಯಾತಿಟರ್ (ಮೂತ್ರದ ನಳಿಕೆ) ಇರುವ ರೋಗಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾದ ನರ್ಸೇ ಬೇಕು, ಈ ಹುಡುಗಿ ಅವರ ಜೊತೆಗೆ ಇರಲಿ, ಒಂಟಿಯಾಗಿ ಬೇಡ ಎಂದು ಖಡಾಖಂಡಿತವಾಗಿ ಹೇಳಿದರು. ನಮ್ಮ ಮನೆಯಲ್ಲಿ ಅಂದಿನಿಂದ ಅವರ ಹೆಸರು ಟ್ಯೂಟರಮ್ಮ.

ದರಪಟ್ಟಿಯನ್ನು ಅವರಿಗೆ ತೋರಿಸಿದಾಗ ಅವರು ನಕ್ಕು, ಹಳೆಯ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ ಬರೆದುಕೊಟ್ಟದ್ದನ್ನು ನಾನು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ. ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಎಂದರೆ ಹನ್ನೆರಡನೆಯ ತರಗತಿಯ ನಂತರ ಎರಡು ವರ್ಷ. ಮೂಲತಃ ಹಳ್ಳಿಯ ಆರೋಗ್ಯ ಉಪಕೇಂದ್ರ, ಲಸಿಕೆ, ಬಸುರಿ ಬಾಣಂತಿಯರ ಆರೈಕೆಗೆಂದು ರೂಪುಗೊಂಡ ವ್ಯಾಸಂಗ ಅದು. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಎಂದರೆ ಮೂರು ವರ್ಷದ ಡಿಪ್ಲೊಮಾ, ಆಸ್ಪತ್ರೆಯ ವಾರ್ಡಿನ ಬೆನ್ನೆಲುಬು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ ಪದವಿ. ಈ ದೇಶದಲ್ಲಿ ಅದು 1946ರಲ್ಲಿ ದೆಹಲಿ ಮತ್ತು ವೆಲ್ಲೂರಿನಲ್ಲಿ ಶುರುವಾಯಿತು. ಜಿಎನ್‌ಎಂ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿ ಪದವೀಧರರಾಗಬಹುದು. ಅದರಾಚೆಗೆ ಎರಡು ವರ್ಷದ ಎಂಎಸ್ಸಿ, ಅದಕ್ಕೆ ಸೇರುವ ಮೊದಲು ಕನಿಷ್ಠ ಒಂದು ವರ್ಷ ಕೆಲಸ ಮಾಡಿರಬೇಕು, ಮತ್ತು ಅಲ್ಲಿ ಮೆಡಿಕಲ್ ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಎಂಬ ಐದು ಕವಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಮ್ಮ ದರಪಟ್ಟಿಯ ‘ಟ್ರೇನ್ಡ್’ ಎಂಬ ಒಂದೇ ಶಬ್ದದೊಳಗೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಓದು ಅಡಗಿ ಕೂತಿತ್ತು.

ಟ್ಯೂಟರಮ್ಮನ ಸ್ವಂತ ಹಾದಿಯನ್ನು ವಾರಕ್ಕೊಂದು ಭೇಟಿಯಲ್ಲಿ, ಚಹಾ ಆರುವಷ್ಟು ಹೊತ್ತಿನಲ್ಲಿ, ತುಂಡು ತುಂಡಾಗಿ ಕೇಳಿ ತಿಳಿದೆ. ಪಿಯುಸಿಯ ನಂತರ ಮಂಗಳೂರಿನ ಮಿಷನ್ ಆಸ್ಪತ್ರೆಯೊಂದರ ಶಾಲೆಯಲ್ಲಿ ಜನರಲ್ ನರ್ಸಿಂಗ್ ಕಲಿತು ಮದುವೆಯಾಗಿ ಮುಂಬಯಿಗೆ ಬಂದವರು ಅವರು. ಗಂಡ ಲಾಲ್‌ಬಾಗಿನ ಬಟ್ಟೆ ಗಿರಣಿಯೊಂದರಲ್ಲಿ ಗುಮಾಸ್ತ. 1982ರ ಜನವರಿಯಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಗಿ, ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಪಾಲಿಕೆಯ ಆಸ್ಪತ್ರೆಯಲ್ಲಿ ಆಗತಾನೇ ಸಿಕ್ಕಿದ್ದ ಸ್ಟಾಫ್ ನರ್ಸ್ ಸಂಬಳವೇ ಮನೆಯ ಆಧಾರವಾಯಿತು. ಮುಂದೆ ಓದುವ ಆಸೆಯನ್ನು ಎಂಟು ವರ್ಷ ಗಂಟುಕಟ್ಟಿ ಇಡಬೇಕಾಯಿತು. ಆ ಎಂಟು ವರ್ಷ ಸರ್ಜರಿ ವಾರ್ಡು, ಸುಟ್ಟಗಾಯದ ವಾರ್ಡು, ತುರ್ತು ನಿಗಾ ಘಟಕ, ಸಾಲು ಸಾಲು ರಾತ್ರಿಪಾಳಿ. ನಂತರ ರಜೆ ಪಡೆದು ಚರ್ಚ್‌ಗೇಟಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಲೀಲಾಬಾಯಿ ಠಾಕರ್ಸಿ ನರ್ಸಿಂಗ್ ಕಾಲೇಜಿನಲ್ಲಿ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರು. 1964ರಲ್ಲಿ ಆರಂಭವಾದ ಆ ಕಾಲೇಜು, ಮನೆ ಮಕ್ಕಳು ನೌಕರಿ ಎಲ್ಲವನ್ನೂ ಹೊತ್ತುಕೊಂಡೇ ಬಂದ ತನ್ನಂಥ ಹೆಂಗಸರಿಗೆ ಎರಡನೆಯ ತವರಾಗಿತ್ತು ಎಂದು ಅವರು ಹೇಳುತ್ತಾರೆ. ಅಲ್ಲಿಂದ ಬಂದ ಮೇಲೆ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಸಿಸ್ಟರ್ ಟ್ಯೂಟರ್, ಆಮೇಲೆ ಮೆಡಿಕಲ್ ಸರ್ಜಿಕಲ್ ವಿಷಯದಲ್ಲಿ ಎಂಎಸ್ಸಿ, ಆಮೇಲೆ ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕಿ, ನಿವೃತ್ತಿಯ ಹೊತ್ತಿಗೆ ಉಪಪ್ರಾಂಶುಪಾಲೆ.

ಕೇಳಲು ಇದು ಸಲೀಸಾದ ಏಣಿಯಂತೆ ಇದೆ. ಆದರೆ ಪ್ರತಿ ಮೆಟ್ಟಿಲಿಗೂ ತಾನು ರೋಗಿಯಿಂದ ಒಂದೊಂದು ಮಾರು ದೂರ ಸರಿದೆ ಎಂಬುದು ಅವರ ಕೊರಗು. ನಮ್ಮಲ್ಲಿ ವಾರ್ಡಿನ ಏಣಿ ಬೇರೆ, ಕಲಿಸುವವರ ಏಣಿ ಬೇರೆ. ಸ್ಟಾಫ್ ನರ್ಸು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗುತ್ತಾಳೆ, ಸಹಾಯಕ ಮೇಟ್ರನ್ ಆಗುತ್ತಾಳೆ, ಮೇಟ್ರನ್ ಆಗುತ್ತಾಳೆ. ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆದವಳು ಸಹಾಯಕ ಪ್ರಾಧ್ಯಾಪಕಿ, ಪ್ರಾಧ್ಯಾಪಕಿ, ಪ್ರಾಂಶುಪಾಲೆ ಎಂದು ಹೋಗುತ್ತಾಳೆ. ಒಂದರಿಂದ ಇನ್ನೊಂದಕ್ಕೆ ಜಿಗಿದವರು ಮತ್ತೆ ಮರಳುವುದು ಅಪರೂಪ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕಿ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ನಿಯಮವಾದರೂ, ಕಾಲೇಜಿನ ಕಾಗದಪತ್ರ, ತಪಾಸಣೆ, ಪರೀಕ್ಷೆಗಳ ನಡುವೆ ಆ ಶಿಕ್ಷಕಿ ವಾರ್ಡಿನಲ್ಲಿ ನಿಲ್ಲುವ ಹೊತ್ತು ಕರಗುತ್ತ ಹೋಗುತ್ತದೆ, ವಿದ್ಯಾರ್ಥಿಗಳು ಪಾಳಿಯಲ್ಲಿರುವ ಸಿಸ್ಟರುಗಳ ಕೈ ನೋಡಿ ಕಲಿಯುತ್ತಾರೆ, ಆ ಸಿಸ್ಟರುಗಳಿಗೋ ಕಲಿಸುವುದು ತಮ್ಮ ಕೆಲಸವೆಂದು ಯಾರೂ ಹೇಳಿರುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರೇ ಆಸ್ಪತ್ರೆಯ ಹೊಣೆಯನ್ನೂ ಹೊರುವ ಪದ್ಧತಿ ಇದೆ, ಅದನ್ನು ಕಂಡು ತನಗೆ ಹೊಟ್ಟೆಕಿಚ್ಚಾಗಿತ್ತು ಎಂದು ಟ್ಯೂಟರಮ್ಮ ಹೇಳಿದರು. ಉಪಪ್ರಾಂಶುಪಾಲೆಯ ಕೊನೆಯ ನಾಲ್ಕು ವರ್ಷದಲ್ಲಿ ತಾನು ಹಾಸಿಗೆಯ ಚಾದರವನ್ನು ಮುಟ್ಟಿದ್ದು ತಪಾಸಣೆಯವರು ಬಂದ ದಿನ ಮಾತ್ರ ಎಂದೂ ಸೇರಿಸಿದರು. ನಿವೃತ್ತಿಯ ನಂತರ ಕಾಲೇಜೊಂದು ಕರೆದರೂ ಹೋಗದೆ ಈ ಬ್ಯೂರೋದ ಸುತ್ತಾಟದ ಕೆಲಸವನ್ನು ಒಪ್ಪಿಕೊಂಡದ್ದು ಅದಕ್ಕಾಗಿಯೇ.

ಈ ಎರಡೂ ಹಿನ್ನೆಲೆ ಒಬ್ಬರಲ್ಲೇ ಕೂಡಿದಾಗ ರೋಗಿಗೆ ಏನು ಸಿಗುತ್ತದೆ ಎಂಬುದಕ್ಕೆ ಅಪ್ಪಯ್ಯನ ಹಿಮ್ಮಡಿಯೇ ಸಾಕ್ಷಿ. ಎರಡನೆಯ ಭೇಟಿಯಲ್ಲಿ ಅವರು ಬ್ರೇಡನ್ ಅಳತೆಪಟ್ಟಿಯ ಜೆರಾಕ್ಸ್ ಪ್ರತಿಯೊಂದನ್ನು ತಂದರು. ಒತ್ತಡದ ಹುಣ್ಣಿನ ಅಪಾಯವನ್ನು ಅಳೆಯಲು ಅಮೆರಿಕದ ಇಬ್ಬರು ನರ್ಸುಗಳು ರೂಪಿಸಿ 1987ರಲ್ಲಿ ಪ್ರಕಟಿಸಿದ ಪಟ್ಟಿ ಅದು. ಸ್ಪರ್ಶಜ್ಞಾನ, ತೇವ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಆಹಾರ, ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಅಂಕ ಹಾಕಿ ಕೂಡಿಸಿದರೆ 6ರಿಂದ 23ರ ನಡುವೆ ಒಂದು ಸಂಖ್ಯೆ ಬರುತ್ತದೆ, ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಅಪ್ಪಯ್ಯನಿಗೆ 11 ಬಂತು. ಅಂಕ ಬರೆದು ಮುಗಿಸಿದವರೇ ಅವರ ಬಲಗಾಲನ್ನು ಎತ್ತಿ, ಹಿಮ್ಮಡಿಯ ಹಿಂಬದಿಯಲ್ಲಿ ನಮಗಾರಿಗೂ ಕಾಣದಿದ್ದ ಎಂಟಾಣೆ ಗಾತ್ರದ ಕೆಂಪು ಕಲೆಯ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದರು. ಒತ್ತಿ ಬಿಟ್ಟಾಗ ಜಾಗ ಒಂದು ಕ್ಷಣ ಬಿಳಿಚಬೇಕು, ಅದು ಬಿಳಿಚಲಿಲ್ಲ. ಹುಣ್ಣಿನ ಮೊದಲ ಹಂತ ಅದು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಲು ಹೊರಟಿದ್ದಳು, ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ನಲುಗುತ್ತದೆಂದು ಅವರು ತಡೆದರು. ಅಂಗಡಿಯವನು ಮಾರಿದ್ದ ಉಂಗುರದಾಕಾರದ ರಬ್ಬರ್ ದಿಂಬನ್ನು ಅಟ್ಟಕ್ಕೆ ಹಾಕಿಸಿದರು. ಮೀನಖಂಡದ ಕೆಳಗೆ ಮೆತ್ತನೆಯ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ವೇಳಾಪಟ್ಟಿಯನ್ನು ಮಂಚದ ತಲೆದೆಸೆಗೆ ಕಟ್ಟಿಸಿದರು. ಗಾಳಿಹಾಸಿಗೆ ಇದ್ದರೂ ಹೊರಳಿಸುವುದು ತಪ್ಪುವಂತಿಲ್ಲ. ಎಂಟು ದಿನದಲ್ಲಿ ಕಲೆ ಮಾಯವಾಯಿತು.

ಇಲ್ಲಿ ಮುಂಬಯಿಯ ಕನ್ನಡಿಗರಿಗೆ ಒಂದು ನೆನಪು ಬರದೆ ಇರದು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಬಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರಿನಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ನಾಲ್ಕು ದಶಕಕ್ಕೂ ಮೀರಿ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು, ಮತ್ತು ಅಷ್ಟೂ ಕಾಲ ಒಂದು ತಲೆಮಾರಿನ ನರ್ಸುಗಳು ಇನ್ನೊಂದು ತಲೆಮಾರಿಗೆ ಅವರನ್ನು ಒಪ್ಪಿಸುತ್ತ ಬಂದರು. 2011ರಲ್ಲಿ ಸುಪ್ರೀಂ ಕೋರ್ಟು ಅವರ ದಯಾಮರಣದ ಪ್ರಕರಣದ ತೀರ್ಪು ಕೊಟ್ಟಾಗ, ಅವರ ಮೈಮೇಲೆ ಹಾಸಿಗೆಯ ಹುಣ್ಣು ಒಂದೂ ಇಲ್ಲವೆಂಬ ವಿಷಯ ಎಲ್ಲೆಡೆ ಮಾತಾಯಿತು. ಅಪ್ಪಯ್ಯನ ಹೋಟೆಲು ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ರಾತ್ರಿಪಾಳಿ ಮುಗಿಸಿ ಇಡ್ಲಿ ತಿನ್ನಲು ಬರುತ್ತಿದ್ದ ಸಿಸ್ಟರುಗಳ ಬಿಲ್ಲಿನಲ್ಲಿ ಚಹಾದ ಹಣವನ್ನು ಅವರು ಸೇರಿಸುತ್ತಿರಲಿಲ್ಲ. ನಾಲ್ಕು ದಶಕ ಒಂದು ದೇಹವನ್ನು ಹುಣ್ಣಿಲ್ಲದೆ ಕಾಪಾಡಿದ ಊರಿನಲ್ಲಿ, ಕೆಲವೇ ವಾರಕ್ಕೆ ನನ್ನ ತಂದೆಯ ಹಿಮ್ಮಡಿ ಕೆಂಪಾಗಿತ್ತು.

ಟ್ಯೂಟರಮ್ಮನ ಒತ್ತಾಯದ ಮೇಲೆ ಹಗಲಿನ ಪಾಳಿಗೆ ‘ಐಸಿಯು’ ದರದಲ್ಲಿ ಬಂದವನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹುಡುಗ. ದರಪಟ್ಟಿಯ ಪ್ರಕಾರ ಅವನೂ ಸಿಸ್ಟರ್. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಮುಂಬಯಿಯ ಖಾಸಗಿ ಆಸ್ಪತ್ರೆಯ ತುರ್ತು ನಿಗಾ ಘಟಕದಲ್ಲಿ ಮೂರು ವರ್ಷ ದುಡಿದು, ಪರೀಕ್ಷೆಗೆ ಓದಲು ಹೊತ್ತು ಸಿಗಲೆಂದು ಆ ಕೆಲಸ ಬಿಟ್ಟವನು. ಒಳಗೆ ಬಂದವನೇ ಮಂಚದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಪ್ಪಯ್ಯನ ಎಡಗೈ ಹಿಡಿದು, ‘ಏನ್ರೀ ಅಜ್ಜಾರ, ಹೆಂಗದೀರಿ?’ ಎಂದ. ಹದಿನೆಂಟು ದಿನದಿಂದ ಯಾರಿಗೂ ಪೂರ್ತಿ ಉತ್ತರ ಕೊಡದಿದ್ದ ಅಪ್ಪಯ್ಯ ಬಹಳ ಹೊತ್ತು ಅವನ ಮುಖ ನೋಡಿ, ತೊದಲುತ್ತ, ‘ಅಡ್ಡಿಲ್ಲ’ ಎಂದರು. ಉತ್ತರದ ಕನ್ನಡವೂ ಕರಾವಳಿಯ ಕನ್ನಡವೂ ಒಂದಕ್ಕೊಂದು ಅರ್ಥವಾಗುವುದಿಲ್ಲವೆಂದು ನಗುತ್ತಿದ್ದ ನಾವು ಅಂದು ನಗಲಿಲ್ಲ. ಬ್ಯೂರೋದ ಅರ್ಜಿಯಲ್ಲಿ ರೋಗಿಯ ಭಾಷೆ ಯಾವುದು ಎಂಬ ಪ್ರಶ್ನೆಯೇ ಇಲ್ಲ, ಇದು ದೊಡ್ಡ ಕೊರತೆ. ಮಾತು ಕಳೆದುಕೊಂಡ ರೋಗಿಗೆ ಅದು ರಕ್ತದ ಗುಂಪಿನಷ್ಟೇ ಮುಖ್ಯವಾದ ಮಾಹಿತಿ.

ನಿಗಾ ಘಟಕದ ಹಿನ್ನೆಲೆ ಅವನ ಪ್ರತಿ ಕೆಲಸದಲ್ಲೂ ಕಾಣುತ್ತಿತ್ತು. ಮೂತ್ರದ ಚೀಲ ನೆಲಕ್ಕೆ ತಾಗದಂತೆ, ಆದರೆ ಮೂತ್ರಕೋಶಕ್ಕಿಂತ ಕೆಳಗೇ ಇರುವಂತೆ ನೋಡಿಕೊಳ್ಳುತ್ತಿದ್ದ, ಒಳಹೋದ ನೀರು ಹೊರಬಂದ ಮೂತ್ರ ಎರಡನ್ನೂ ಗಂಟೆಗಂಟೆಗೆ ಬರೆದಿಡುತ್ತಿದ್ದ, ಇನ್ಸುಲಿನ್ ಚುಚ್ಚುವ ಜಾಗವನ್ನು ದಿನವೂ ಬದಲಿಸಿ ಹೊಟ್ಟೆಯ ಚಿತ್ರ ಬಿಡಿಸಿ ಗುರುತು ಹಾಕುತ್ತಿದ್ದ. ಅವನ ಗುರಿ ಏಮ್ಸ್ ನರ್ಸಿಂಗ್ ಆಫೀಸರ್ ಹುದ್ದೆಯ ನಾರ್ಸೆಟ್ ಪರೀಕ್ಷೆ. ಆ ನೇಮಕಾತಿಯಲ್ಲಿ ನೂರಕ್ಕೆ ಎಂಬತ್ತು ಹುದ್ದೆ ಮಹಿಳೆಯರಿಗೆ, ಉಳಿದ ಇಪ್ಪತ್ತಕ್ಕೆ ದೇಶದ ಗಂಡುಹುಡುಗರೆಲ್ಲ ಪೈಪೋಟಿ. ಅದಾಗದಿದ್ದರೆ ಎಂಎಸ್ಸಿ ಓದಿ ಊರಿನ ಹತ್ತಿರದ ಕಾಲೇಜಿನಲ್ಲಿ ಕಲಿಸುವ ಕೆಲಸ ಹಿಡಿಯಬೇಕೆಂಬುದು ಅವನ ಎರಡನೆಯ ಯೋಚನೆ. ಟ್ಯೂಟರಮ್ಮ ಇದನ್ನು ಕೇಳಿ, ‘ಮೂರು ವರ್ಷಕ್ಕೇ ವಾರ್ಡು ಬಿಟ್ಟು ಪಾಠಕ್ಕೆ ಕೂತರೆ ನೀನು ಪುಸ್ತಕದ್ದನ್ನೇ ಹೇಳ್ತೀ, ಇನ್ನೊಂದು ಐದು ವರ್ಷ ರೋಗಿಯನ್ನು ಮುಟ್ಟು ಮಗ’ ಎಂದರು. ಅವನು, ‘ಮೇಡಂ, ಐದ್ ವರ್ಷ ಮುಟ್ಟಿದ್ರ ಪಗಾರ ಎಷ್ಟ್ ಹೆಚ್ಚಾಕ್ಕೈತ್ರಿ?’ ಎಂದು ಕೇಳಿದ. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ.

ಪಗಾರದ ಮಾತು ಬಂದದ್ದರಿಂದ ಬ್ಯೂರೋದ ಮೇಲಿನ ನನ್ನ ಮುಖ್ಯ ದೂರನ್ನೂ ಹೇಳಿಬಿಡುತ್ತೇನೆ. ನಾವು ಕೊಡುತ್ತಿದ್ದ 2,100 ರೂಪಾಯಿಯಲ್ಲಿ ಅವನ ಕೈಗೆ ಹೋಗುತ್ತಿದ್ದದ್ದು 1,350. ದಲ್ಲಾಳಿತನಕ್ಕೆ ಒಂದು ಪಾಲು ಇರಬೇಕಾದದ್ದೇ, ಆದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ತೆಗೆದುಕೊಳ್ಳುವವರು ಅದಕ್ಕೆ ಪ್ರತಿಯಾಗಿ ಏನನ್ನಾದರೂ ಮಾಡಬೇಕು. ಇವರು ಅವನ ಪದವಿಯ ಮೂಲ ಪ್ರಮಾಣಪತ್ರಗಳನ್ನು ಮಧ್ಯದಲ್ಲಿ ಓಡಿಹೋಗದಿರಲೆಂದು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಒತ್ತೆಯಿಟ್ಟ ಬಂಗಾರದಂತೆ ಓದಿನ ಕಾಗದವನ್ನು ಇಟ್ಟುಕೊಳ್ಳುವ ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಬ್ಯೂರೋದ ಮಾಲೀಕರಿಗೆ ಬರೆದು ತಿಳಿಸಿದ್ದೇನೆ. ನಾಲ್ಕನೆಯ ಪತ್ರಕ್ಕೆ ಅವನ ಕಾಗದಗಳು ವಾಪಸು ಬಂದವು. ಅದರಿಂದ ಇನ್ನೊಂದು ತೊಡಕೂ ಬಿಡಿಸಿಕೊಂಡಿತು. ಅವನ ನೋಂದಣಿ ಇದ್ದದ್ದು ಕರ್ನಾಟಕದ ಕೌನ್ಸಿಲಿನಲ್ಲಿ. 1966ರ ಮಹಾರಾಷ್ಟ್ರ ನರ್ಸಸ್ ಕಾಯ್ದೆಯ ಅಡಿಯಲ್ಲಿ ಇಲ್ಲಿನ ಕೌನ್ಸಿಲಿಗೆ ಅದನ್ನು ವರ್ಗಾಯಿಸಿಕೊಳ್ಳಲು ಅಲ್ಲಿಂದ ನಿರಾಕ್ಷೇಪಣಾ ಪತ್ರ, ಪರಿಶೀಲನೆ, ಮೂಲ ದಾಖಲೆ ಎಲ್ಲವೂ ಬೇಕು, ಕಪಾಟಿನಲ್ಲಿ ಬಂಧಿಯಾದ ಮೂಲ ದಾಖಲೆಯಿಂದ ಯಾವ ಅರ್ಜಿಯೂ ಮುಂದೆ ಹೋಗದು. ಅವನು ಈಗ ಅರ್ಜಿ ಹಾಕಿದ್ದಾನೆ.

ರಾತ್ರಿಪಾಳಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಎರಡನೆಯ ವಾರದಿಂದ ಬಂದ ಸೋಲಾಪುರದ ಎಎನ್‌ಎಂ ಮಧ್ಯವಯಸ್ಸಿನವರು, ಹದಿನಾಲ್ಕು ವರ್ಷ ಹಳ್ಳಿಯ ಉಪಕೇಂದ್ರದಲ್ಲಿ ಗುತ್ತಿಗೆಯ ಮೇಲೆ ದುಡಿದವರು. ತನಗೆ ಬಾರದ್ದನ್ನು ಬಾರದು ಎಂದು ಮೊದಲ ದಿನವೇ ಹೇಳಿದರು, ಟ್ಯೂಟರಮ್ಮ ತೋರಿಸಿಕೊಟ್ಟ ಮೇಲೆ ಕಲಿತರು, ರಾತ್ರಿ ನಿದ್ದೆ ಮಾಡಲಿಲ್ಲ. ಬದಲಿ ಸಿಬ್ಬಂದಿಯನ್ನು ಕಳಿಸುವುದರಲ್ಲಿ ಬ್ಯೂರೋ ಚುರುಕು: ಮಳೆಗೆ ಮಧ್ಯ ರೈಲ್ವೆ ನಿಂತ ದಿನವೂ ಭಾಂಡೂಪಿನಿಂದ ಒಬ್ಬರನ್ನು ರಿಕ್ಷಾದಲ್ಲಿ ಕಳಿಸಿದರು, ಹೆಚ್ಚಿನ ಹಣ ಕೇಳಲಿಲ್ಲ. ಲೆಕ್ಕ ಸ್ವಚ್ಛ, ರಸೀದಿ ಕೇಳಿದರೆ ಸಿಗುತ್ತದೆ, ಮುಂಗಡದ ಬಾಕಿ ಒಂಬತ್ತು ದಿನಕ್ಕೆ ಖಾತೆಗೆ ಬಂತು. ಫೋನು ಎತ್ತುವ ಹುಡುಗನ ಸೌಜನ್ಯ ಮಾತ್ರ ಹಣ ಕಟ್ಟುವವರೆಗೆ ಒಂದು ಬಗೆ, ಕಟ್ಟಿದ ಮೇಲೆ ಇನ್ನೊಂದು ಬಗೆ.

ಇಂಥ ಸೇವೆಯನ್ನು ಗೊತ್ತುಮಾಡುವ ಮುನ್ನ ನಾನು ಮೊದಲೇ ಕೇಳಬೇಕಿದ್ದದ್ದನ್ನು ಈಗ ಬೇರೆಯವರು ಕೇಳಲಿ ಎಂದು ಬರೆಯುತ್ತಿದ್ದೇನೆ. ಎಷ್ಟು ವರ್ಷದ ಅನುಭವ ಎಂಬ ಪ್ರಶ್ನೆಗೆ ಎಲ್ಲರೂ ಐದು ವರ್ಷ ಎನ್ನುತ್ತಾರೆ, ಅದು ನಿರುಪಯೋಗಿ ಪ್ರಶ್ನೆ. ಯಾವ ವ್ಯಾಸಂಗ, ಯಾವ ರಾಜ್ಯದ ಕೌನ್ಸಿಲಿನಲ್ಲಿ ನೋಂದಣಿ, ಅದು ನವೀಕರಣಗೊಂಡಿದೆಯೇ, ಕೊನೆಯ ಎರಡು ವರ್ಷ ಕೆಲಸ ಮಾಡಿದ್ದು ಯಾವ ವಾರ್ಡಿನಲ್ಲಿ ಎಂದು ಕೇಳಬೇಕು, ನೋಂದಣಿ ಪತ್ರದ ಪ್ರತಿಯನ್ನು ಮೊದಲ ದಿನವೇ ನೋಡಬೇಕು. ಹೆರಿಗೆ ವಾರ್ಡಿನಲ್ಲಿ ಹತ್ತು ವರ್ಷ ನುರಿತವರು ಪಾರ್ಶ್ವವಾಯುವಿನ ಮನೆಯಲ್ಲಿ ಹೊಸಬರೇ. ಮೈ ಒರೆಸಿ ಎತ್ತಿ ಕೂರಿಸಲಷ್ಟೇ ಜನ ಬೇಕಿದ್ದರೆ ಅಕೋಲಾದ ಹುಡುಗಿಯಂಥವಳೇ ಸಾಕು, ಅವಳಿಗೆ ಐಸಿಯು ದರ ತೆರಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೇಲ್ವಿಚಾರಣೆಗೆ ಬರುವವರು ಯಾರು, ಅವರು ಎಲ್ಲಿ ಕೆಲಸ ಮಾಡಿದ್ದಾರೆ, ಎಲ್ಲಿ ಕಲಿಸಿದ್ದಾರೆ ಎಂದು ಕೇಳಿ. ನಾನು ವಿಚಾರಿಸಿದ ಉಳಿದ ಮೂರು ಬ್ಯೂರೋಗಳಲ್ಲಿ ಸೂಪರ್‌ವೈಸರ್ ಎಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುವವರು ಎಂದು ನಂತರ ತಿಳಿಯಿತು. ಈ ಬ್ಯೂರೋ ಟ್ಯೂಟರಮ್ಮನಂಥವರನ್ನು ಇಟ್ಟುಕೊಂಡೂ ಅವರನ್ನು ಸಣ್ಣ ಅಕ್ಷರದ ಉಚಿತ ಸಾಲಿನಲ್ಲಿ ಬಚ್ಚಿಟ್ಟಿದೆ, ಏನನ್ನು ಮಾರುತ್ತಿದ್ದೇವೆಂದು ಅವರಿಗೇ ಗೊತ್ತಿಲ್ಲ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಎರಡು ಅವರೊಬ್ಬರದೇ.

ಒಂಬತ್ತನೆಯ ವಾರದಲ್ಲಿ ಆಸ್ಪತ್ರೆಯವರು ನುಂಗುವ ಪರೀಕ್ಷೆ ಮಾಡಿ ನಳಿಕೆ ತೆಗೆದರು. ಹನ್ನೊಂದನೆಯ ವಾರದ ಕೊನೆಗೆ ಎರಡೂ ಪಾಳಿಗಳನ್ನು ನಿಲ್ಲಿಸಿದ್ದೇವೆ. ಅಕೋಲಾದ ಹುಡುಗಿ ಹಗಲು ಆರು ಗಂಟೆ ಬರುತ್ತಾಳೆ, ಟ್ಯೂಟರಮ್ಮ ಹೇಳಿಕೊಟ್ಟ ಧೈರ್ಯದ ಮೇಲೆ ಜಿಎನ್‌ಎಂ ಪ್ರವೇಶಕ್ಕೆಂದು ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಖಾಸಗಿಯಾಗಿ ಹೆಸರು ನೋಂದಾಯಿಸಿದ್ದಾಳೆ, ಮಧ್ಯಾಹ್ನ ಅಪ್ಪಯ್ಯ ಮಲಗಿದಾಗ ಅಡುಗೆಮನೆಯ ಕಟ್ಟೆಯ ಬಳಿ ಕೂತು ಜೀವಶಾಸ್ತ್ರ ಓದುತ್ತಾಳೆ. ಟ್ಯೂಟರಮ್ಮನ ವಾರದ ಭೇಟಿಯನ್ನು ಮಾತ್ರ ಮುಂದುವರಿಸಬೇಕೆಂದು, ಅದಕ್ಕೆ ತಕ್ಕ ಹಣ ಕೊಡುತ್ತೇವೆಂದು ಬ್ಯೂರೋಗೆ ತಿಳಿಸಿ ಇಪ್ಪತ್ತು ದಿನವಾಯಿತು. ಅವರು ತಪ್ಪದೆ ಬರುತ್ತಿದ್ದಾರೆ. ದರಪಟ್ಟಿಯಲ್ಲಿ ಅದಕ್ಕೊಂದು ದರ ಇಲ್ಲದ ಕಾರಣ ಬಿಲ್ಲು ಹೇಗೆ ಮಾಡಬೇಕೆಂದು ಮಾಲೀಕರನ್ನು ಕೇಳಿ ಹೇಳುತ್ತೇನೆಂದ ಫೋನಿನ ಹುಡುಗ ಇನ್ನೂ ಹೇಳಿಲ್ಲ.